ಹನ್ನೆರಡನೇ ಸಾಲಿನ ಅಂಕ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಕಂಪ್ಯೂಟರಿನಲ್ಲಿ ನನ್ನ ಅಂಕದ ಹಾಳೆ ತೆರೆದೆ. ಅದು ಆಗಲೇ ತುಂಬಿತ್ತು.

ಹನ್ನೆರಡು ಸಾಲು, ಹನ್ನೆರಡು ಅಂಕ, ಕೆಳಗೆ ಮೊತ್ತ ನೂರು. ಅದರ ಕೆಳಗೆ ಹಸಿರು ಅಕ್ಷರದಲ್ಲಿ ‘ಸಲ್ಲಿಸಲಾಗಿದೆ’ ಎಂದಿತ್ತು. ಸಲ್ಲಿಸಿದವರ ಜಾಗದಲ್ಲಿ ನನ್ನ ಹುದ್ದೆಯ ಹೆಸರು. ನಾನು ಒಂದು ಕೀಲಿಯನ್ನೂ ಒತ್ತಿರಲಿಲ್ಲ.

ನಾನು ನಗರಸಭೆಯ ಚರಂಡಿ ವಿಭಾಗದ ಎಂಜಿನಿಯರ್. ಇಪ್ಪತ್ತೆರಡು ವರ್ಷದಿಂದ ಅದೇ ವಿಭಾಗ, ಅದೇ ಕಿಟಕಿ. ಕಚೇರಿಯಲ್ಲಿ ನನ್ನನ್ನು ‘ಚರಂಡಿ ಮೇಡಂ’ ಅನ್ನುತ್ತಾರೆ. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು. ಈಗ ಫೋನಿನಲ್ಲಿ ನಾನೇ ಹಾಗೆ ಹೇಳಿಕೊಳ್ಳುತ್ತೇನೆ, ಬೇಗ ಗುರುತು ಹತ್ತುತ್ತದೆ.

ಬಸ್ ಡಿಪೋ ಹಿಂದೆ ಒಂದು ತಗ್ಗು ಜಾಗವಿದೆ. ಮಳೆ ಬಂದಾಗ ಮೂರು ಬೀದಿಯ ನೀರು ಅಲ್ಲಿಗೆ ಹರಿದು ಬರುತ್ತದೆ. ಅಲ್ಲಿ ಮುಚ್ಚಿದ ಕಾಂಕ್ರೀಟ್ ಮೋರಿ ಕಟ್ಟಿ ಮೇಲೆ ಪಾರ್ಕಿಂಗ್ ಮಾಡಬೇಕೋ, ಹೊಂಡವನ್ನು ಹೊಂಡವಾಗಿಯೇ ಉಳಿಸಿ, ಜೊಂಡು, ಮರ ಬೆಳೆಸಿ, ದಂಡೆಯಲ್ಲಿ ಕೂರಲು ಕಟ್ಟೆ ಹಾಕಿ, ನೀರು ನಿಂತು ಇಂಗುವ ಹಾಗೆ ಬಿಡಬೇಕೋ ಎಂಬ ಪ್ರಶ್ನೆ ಏಳು ವರ್ಷ ಮೇಜಿನಿಂದ ಮೇಜಿಗೆ ಅಲೆದಿತ್ತು. ಈ ವರ್ಷ ಅದನ್ನು ತೀರ್ಮಾನಿಸಲು ಒಂದು ಕಂಪ್ಯೂಟರ್ ಟೂಲ್ ತರಿಸಿದರು. ನೆಲದ ಇಳಿಜಾರು, ಮಣ್ಣಿನ ಗುಣ, ಮೂವತ್ತು ವರ್ಷದ ಮಳೆ, ಯಾವ ಮನೆಗೆ ಎಷ್ಟು ನೀರು ನುಗ್ಗುತ್ತದೆ ಎಂಬುದೆಲ್ಲ ಆ ಕಂಪ್ಯೂಟರಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ, ನಮಗೆ ಯಾವುದು ಮುಖ್ಯ ಎಂಬುದು. ಅದನ್ನು ನಾವೇ ಹೇಳಬೇಕು. ನಾಲ್ಕು ವಿಭಾಗದ ಮುಖ್ಯಸ್ಥರು ಒಬ್ಬರದನ್ನು ಒಬ್ಬರು ನೋಡದೆ, ಹನ್ನೆರಡು ವಿಷಯಗಳಿಗೆ ನೂರು ಅಂಕ ಹಂಚಿ, ಪ್ರತಿ ಅಂಕಕ್ಕೂ ಒಂದು ಸಾಲಿನ ಕಾರಣ ಬರೆಯಬೇಕು.

ತರಬೇತಿಯ ದಿನ ಪಾರ್ಕ್ ಸೂಪರ್‌ವೈಸರು ನೂರಕ್ಕೆ ನೂರನ್ನೂ ‘ಮರದ ನೆರಳು’ ಎಂಬ ಸಾಲಿಗೆ ಸುರಿದುಬಿಟ್ಟಿದ್ದರು. ಪರದೆಯ ಮೇಲೆ ಕೆಂಪು ಗೆರೆ ಬಂತು. ಎಲ್ಲವನ್ನೂ ಒಂದೇ ಕಡೆ ಹಾಕುವಂತಿಲ್ಲ.

“ನನ್ನ ಹೆಂಡ್ತಿನೂ ಇದನ್ನೇ ಹೇಳೋದು,” ಎಂದು ಅವರು ಮುಖ ಸಣ್ಣ ಮಾಡಿ ಕೂತರು.

ಅವತ್ತು ಎಲ್ಲರೂ ನಕ್ಕಿದ್ದೆವು. ತರಬೇತಿ ಕೊಡಲು ಬಂದಿದ್ದವರೂ ನಕ್ಕಿದ್ದರು. ಕೋಲು ಹಿಡಿದು ಪರದೆ ತೋರಿಸುತ್ತಿದ್ದುದರಿಂದ ಮೊದಲ ದಿನವೇ ಅವರಿಗೆ ‘ಮೇಷ್ಟ್ರು’ ಎಂದು ಹೆಸರು ಬಿದ್ದಿತ್ತು. ನಕ್ಕಾಗ ಕನ್ನಡಕ ತೆಗೆಯುತ್ತಿದ್ದರು. ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಕಿಕೊಳ್ಳುತ್ತಿರಲಿಲ್ಲ. ಇಂಥದ್ದನ್ನೆಲ್ಲ ನಾನು ಗಮನಿಸಿದ್ದೆ. ಗಮನಿಸುವುದು ನನ್ನ ಕೆಲಸ, ಬಿರುಕನ್ನೂ ಗಮನಿಸುತ್ತೇನೆ.

ನನ್ನ ಹಾಳೆಯನ್ನು ತುಂಬಬಲ್ಲವರು ಆ ಕಟ್ಟಡದಲ್ಲಿ ಅವರೊಬ್ಬರೇ.

ಅವರಿಗೆ ಕೊಟ್ಟಿದ್ದು ಹಳೆಯ ರೆಕಾರ್ಡ್ ರೂಮು. ಕಿಟಕಿಯಾಚೆ ಸೈಕಲ್ ಸ್ಟ್ಯಾಂಡ್, ಒಳಗೆ ಕಡತದ ಧೂಳು. ನಾನು ಬಾಗಿಲಲ್ಲೇ ನಿಂತೆ.

“ನನ್ನ ಹಾಳೆ ತುಂಬಿದ್ದು ಯಾರು, ಮೇಷ್ಟ್ರೇ?”

ಅವರು ತಲೆಯೆತ್ತಿ ನೋಡಿದರು. ಏನಾಗಿದೆ ಎಂದು ಅರ್ಥವಾಗಲು ಎರಡು ಕ್ಷಣ ಹಿಡಿಯಿತು. ಆಮೇಲೆ ಮುಖದ ಬಣ್ಣ ಇಳಿಯಿತು.

“ಅಯ್ಯೋ. ಅಳಿಸ್ಲಿಲ್ವಾ ನಾನು?”

“ಅಳಿಸೋ ಮಾತು ಆಮೇಲೆ. ತುಂಬಿದ್ದು ಯಾಕೆ?”

“ಪರೀಕ್ಷೆಗೆ, ಮೇಡಂ. ಟೂಲ್ ಸರಿಯಾಗಿ ಕೆಲಸ ಮಾಡುತ್ತಾ ಅಂತ ನೋಡೋಕೆ ಒಂದು ಮಾದರಿ ಹಾಳೆ ಬೇಕಿತ್ತು. ಸುಮ್ನೆ ಏನೋ ಅಂಕ ಹಾಕಿದ್ರೆ ಗೊತ್ತಾಗಲ್ಲ. ನಿಜವಾದ ಒಬ್ಬ ಮನುಷ್ಯ ಯೋಚಿಸೋ ಹಾಗೆ ಇರ್ಬೇಕು.”

“ಅದಕ್ಕೆ ನಾನೇ ಸಿಕ್ಕಿದ್ನಾ?”

“ನಾಲ್ಕು ಜನದಲ್ಲಿ ಹೇಗೆ ಯೋಚಿಸ್ತಾರೆ ಅಂತ ನನಗೆ ಗೊತ್ತಿದ್ದಿದ್ದು ನಿಮ್ದೊಂದೇ.”

ಬೇರೆ ಯಾವಾಗಲಾದರೂ ಆ ಮಾತು ಚೆನ್ನಾಗಿ ಕೇಳಿಸುತ್ತಿತ್ತೇನೋ. ಅವತ್ತು ಕೇಳಿಸಲಿಲ್ಲ. ಅದಕ್ಕೊಂದು ಕಾರಣವಿತ್ತು.

ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ ಒಬ್ಬರ ಜೊತೆ ಮದುವೆ ಗೊತ್ತಾಗಿತ್ತು. ಒಳ್ಳೆಯವರೇ. ಒಂದು ದಿನ ಸಾಹೇಬರು ನನ್ನನ್ನು ಕರೆದು, ‘ಜನನ ಪ್ರಮಾಣಪತ್ರದ ವಿಭಾಗಕ್ಕೆ ವರ್ಗ ಬೇಕು ಅಂತ ಬರೆದಿದ್ದೀರಲ್ಲ, ಆಗ್ಲಿ’ ಎಂದರು. ನಾನು ಬರೆದಿರಲಿಲ್ಲ. ನನಗೆ ಗಂಡನಾಗಬೇಕಿದ್ದವರು ನನ್ನ ಹೆಸರಲ್ಲಿ ಅರ್ಜಿ ಬರೆದು, ನನ್ನ ಸಹಿಯನ್ನೂ ಅವರೇ ಹಾಕಿದ್ದರು. ಕೇಳಿದಾಗ, ‘ನಿನ್ನ ಒಳ್ಳೇದಕ್ಕೆ ಅಲ್ವಾ’ ಅಂದರು. ಅವರ ಮನೆಯವರಿಗೆ ಚರಂಡಿ ಎಂಬ ಶಬ್ದ ಬಾಯಲ್ಲಿ ಹೇಳಲು ಆಗುತ್ತಿರಲಿಲ್ಲವಂತೆ. ನಾನು ಅರ್ಜಿ ವಾಪಸ್ ತೆಗೆದುಕೊಂಡೆ. ಮದುವೆಯನ್ನೂ.

ಆಮೇಲೆ ಯಾರೂ ನನ್ನ ಪರವಾಗಿ ಏನನ್ನೂ ತುಂಬಿರಲಿಲ್ಲ. ಸೋಮವಾರದವರೆಗೆ.

“ಆ ಹಾಳೆ ಪ್ರಿಂಟ್ ಕೊಡಿ,” ಎಂದೆ. “ಖಾಲಿ ಹಾಳೆನೂ ಒಂದು ಕೊಡಿ.”

ಅವರು ಕೊಟ್ಟರು. “ಹನ್ನೆರಡನೇ ಸಾಲು ಓದ್ಬೇಡಿ, ಮೇಡಂ. ಅದು ಮಾತ್ರ.”

ಓದಬೇಡಿ ಅಂದರೆ ಓದದೆ ಇರುವಷ್ಟು ದೊಡ್ಡ ಮನುಷ್ಯಳಲ್ಲ ನಾನು. ಆದರೂ ಮನೆ ಮುಟ್ಟುವ ತನಕ ಅದು ಮಡಿಸಿದ ಹಾಗೇ ಇತ್ತು.

ನಾನಿರುವುದು ಅಣ್ಣನ ಮನೆಯ ಮೇಲಿನ ಮಹಡಿಯಲ್ಲಿ. ಸಂಜೆಯ ಟೀ ಕೆಳಗೆ, ಅತ್ತಿಗೆ ಜೊತೆ. ಪ್ರಿಂಟನ್ನು ಅವರ ಕೈಗೆ ಕೊಟ್ಟೆ.

“ಅತ್ತಿಗೆ, ಇದನ್ನ ನನಗೆ ತೋರಿಸ್ಬೇಡಿ. ನಾನು ನನ್ನ ಅಂಕ ಹೇಳ್ತಾ ಹೋಗ್ತೀನಿ, ಇದರಲ್ಲಿ ಎಷ್ಟಿದೆ ಅಂತ ನೀವು ಹೇಳಿ.”

“ನನ್ನನ್ನೂ ನಿಮ್ಮ ಆಫೀಸಿಗೆ ಸೇರಿಸ್ಕೊಂಡ್ಯಾ? ಸರಿ, ಹೇಳು. ಮೊದಲ್ನೇದು, ಮನೆಗೆ ನೀರು ನುಗ್ಗದಿರೋದು.”

“ಹದಿನೆಂಟು.”

“ಹದಿನೆಂಟು. ಎರಡ್ನೇದು, ಅಂತರ್ಜಲ.”

“ಹನ್ನೆರಡು.”

“ಹನ್ನೊಂದು ಇದೆ ಇಲ್ಲಿ. ಪಾಪ, ಒಂದು ತಪ್ಪಿದ.” ಅತ್ತಿಗೆಗೆ ಆಟ ಹಿಡಿಸಿತು. ಟೀ ಆರುತ್ತಿದ್ದರೂ ಮುಟ್ಟಲಿಲ್ಲ. ಮೂರು, ನಾಲ್ಕು, ಐದು. ಎಲ್ಲ ಅಷ್ಟೇ, ಇಲ್ಲವೆ ಒಂದು ಹೆಚ್ಚು ಕಮ್ಮಿ. ‘ನೋಡಲು ಅಚ್ಚುಕಟ್ಟು’ ಎಂಬ ಸಾಲು ನನಗೆ ಸ್ವಲ್ಪವೂ ಇಷ್ಟವಿಲ್ಲ. ಆದರೆ ಕಮಿಷನರಿಗೆ ಇಷ್ಟ, ಆದ್ದರಿಂದ ಎಂಟು ಹಾಕುತ್ತೇನೆ. ಅಲ್ಲೂ ಎಂಟೇ ಇತ್ತು. ನನ್ನ ಮನಸ್ಸಿನಲ್ಲಿರುವುದನ್ನು ಮಾತ್ರವಲ್ಲ, ನನ್ನ ಅಂಜಿಕೆಯನ್ನೂ ಆ ಮನುಷ್ಯ ಅಳೆದಿಟ್ಟಿದ್ದರು.

“ದುರಸ್ತಿ ಸುಲಭ ಇರೋದು,” ಅತ್ತಿಗೆ ಓದಿದರು.

“ಹದಿನಾರು.”

“ಇಲ್ಲಿ ಏಳು. ಹಾಗಾದ್ರೆ ಉಳಿದ ಒಂಬತ್ತು ಎಲ್ಲಿ ಹೋಯ್ತು? ಹಾಂ, ಕೊನೇದು. ಹನ್ನೆರಡ್ನೇದು. ಜನ ಕೂತು ಸುಧಾರಿಸಿಕೊಳ್ಳೋಕೆ ಜಾಗ.”

“ಸೊನ್ನೆ.”

ಅತ್ತಿಗೆ ಕಾಗದವನ್ನು ಸ್ವಲ್ಪ ದೂರ ಹಿಡಿದು ಓದಿದರು. “ಇಲ್ಲಿ ಒಂಬತ್ತು ಇದೆ ಕಣೇ. ಬೇರೆ ಯಾವುದಕ್ಕೂ ಕಾರಣ ಬರೆದಿಲ್ಲ, ಇದಕ್ಕೊಂದಕ್ಕೆ ಬರೆದಿದ್ದಾರೆ.”

“ಏನಂತ?”

“‘ಇವರು ನಿಂತೇ ಉಣ್ಣುತ್ತಾರೆ.’”

ಟೀ ಮೇಲೆ ಕೆನೆ ಕಟ್ಟಿತ್ತು. ನಾನು ಅದನ್ನು ಚಮಚದಲ್ಲಿ ಒಂದು ಬದಿಗೆ ಸರಿಸಿದೆ.

ಮೂರು ತಿಂಗಳು ಅವರೂ ನಾನೂ ಆ ತಗ್ಗಿಗೆ ಅಳತೆಗೆ ಹೋಗಿದ್ದೆವು. ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚುತ್ತಿದ್ದೆವು. ಮೋರಿ ಕೆಲಸ ನಡೆಯುವ ಕಡೆ ಹೆಂಗಸು ಕೂರುವಂಥ ಜಾಗ ಇರುವುದಿಲ್ಲ, ಆದ್ದರಿಂದ ನಿಂತು ಉಣ್ಣುವುದು ನನಗೆ ರೂಢಿ. ಒಂದು ಸಲ ಅವರು ಅಡ್ಡ ಬಿದ್ದಿದ್ದ ಸಿಮೆಂಟ್ ಪೈಪಿನ ಮೇಲೆ ಪೇಪರ್ ಹಾಸಿ, ‘ಕೂತ್ಕೊಳ್ಳಿ’ ಅಂದಿದ್ದರು. ‘ಪರವಾಗಿಲ್ಲ, ಅಭ್ಯಾಸ ಇದೆ’ ಅಂದಿದ್ದೆ. ಅವರೂ ಕೂರಲಿಲ್ಲ. ಇಬ್ಬರೂ ನಿಂತು ಉಂಡೆವು, ಪೈಪಿನ ಮೇಲೆ ಪೇಪರು ಮಾತ್ರ ಕೂತಿತ್ತು.

“ಯಾರಿವರು?” ಎಂದರು ಅತ್ತಿಗೆ.

“ಟೂಲ್ ತಂದವರು.”

“ಮದುವೆ?”

“ಆಗಿತ್ತು. ಹೆಂಡತಿ ತೀರಿಹೋಗಿ ಎಂಟು ವರ್ಷ ಆಯ್ತಂತೆ.”

“ಎಂಟು ವರ್ಷ ಅಂತ ನಾನು ಕೇಳಲಿಲ್ಲವಲ್ಲ,” ಎಂದು ಅತ್ತಿಗೆ ಕಾಗದ ಮಡಿಸಿದರು. “ನಮ್ಮ ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ನಿನ್ನಣ್ಣನ್ನ ಈಗ ಕರೆದು ನನಗೆ ಟೀಗೆ ಎಷ್ಟು ಸಕ್ಕರೆ ಅಂತ ಕೇಳು, ನೋಡೋಣ.”

ನಗು ಬಂತು. ಸಿಟ್ಟು ಹೋಗಲಿಲ್ಲ. ಒಬ್ಬರು ನಮ್ಮನ್ನು ಸರಿಯಾಗಿ ಓದಿದ್ದಾರೆ ಎಂದ ಮಾತ್ರಕ್ಕೆ ನಮ್ಮ ಹೆಸರಲ್ಲಿ ಬರೆಯಬಹುದೇ? ಮೊದಲಿನವರೂ ತಾವು ನನ್ನನ್ನು ಓದಿದ್ದೇವೆ ಎಂದುಕೊಂಡೇ ಸಹಿ ಹಾಕಿದ್ದರು.

ಮಂಗಳವಾರ ನನ್ನ ಅಂಕಗಳನ್ನು ತೆಗೆದುಕೊಂಡು ರೆಕಾರ್ಡ್ ರೂಮಿಗೆ ಹೋದೆ. ಅವರು ತಮ್ಮ ಹಾಳೆ ಅಳಿಸಿ, ನನ್ನದನ್ನು ಒಂದೊಂದಾಗಿ ಹಾಕಿದರು. ಪರದೆ ಸ್ವಲ್ಪ ಹೊತ್ತು ತಿರುಗಿತು.

ಮೇಷ್ಟ್ರ ಆ ಮಾದರಿ ಹಾಳೆಯೂ ಸೇರಿ ಶನಿವಾರವೇ ಕಮಿಷನರ ಮೇಜಿಗೆ ಹೋಗಿದ್ದ ಪಟ್ಟಿಯಲ್ಲಿ ಜೊಂಡಿನ ಹೊಂಡ ಮೊದಲಿತ್ತು. ಈಗ ಕಾಂಕ್ರೀಟ್ ಮೋರಿ ಮೇಲೆ ಬಂತು. ಎರಡೇ ಅಂಕದ ಅಂತರ.

ಹೊಂಡ ಉಳಿಯಲಿ ಎಂದು ಏಳು ವರ್ಷ ಬರೆಯುತ್ತ ಬಂದವಳು ನಾನು. ನನ್ನದೇ ಅಂಕ ಅದನ್ನು ಮುಚ್ಚಿತ್ತು.

“ಹಳೇ ಹಾಳೆನೇ ಇದ್ದಿದ್ರೆ?” ಎಂದೆ. ಅವರನ್ನು ಪರೀಕ್ಷಿಸಲೆಂದೇ ಕೇಳಿದೆ, ಸುಳ್ಳು ಹೇಳುವುದಿಲ್ಲ.

“ಹೊಂಡ ಉಳೀತಿತ್ತು.”

“ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಗೊತ್ತಾಗ್ತಿರಲಿಲ್ಲ. ಆದ್ರೆ ಅದು ನೀವು ಉಳಿಸಿದ್ದು ಆಗ್ತಿರಲಿಲ್ಲ, ಮೇಡಂ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದಿಲ್ಲದಾಗ ಅವರ ಕಣ್ಣು ನನ್ನ ಮುಖದಿಂದ ಸ್ವಲ್ಪ ಆಚೆ ಎಲ್ಲೋ ನಿಲ್ಲುತ್ತಿತ್ತು. “ಹನ್ನೊಂದು ಸಾಲು ನಿಮ್ಮ ಬಾಯಿಂದ ಕೇಳಿದ್ದು. ಹನ್ನೆರಡನೇದು ಕೇಳಿದ್ದಲ್ಲ, ನಾನು ನೋಡಿದ್ದು. ಅದನ್ನ ನಿಮ್ಮ ಹೆಸರಲ್ಲಿ ಬರೆಯೋ ಹಕ್ಕು ನನಗಿರಲಿಲ್ಲ. ಯಾವ ಸಾಲಿಗೂ ಇರಲಿಲ್ಲ. ಕ್ಷಮಿಸಿ ಅನ್ನೋದು ಬಿಟ್ರೆ ಬೇರೆ ಮಾತಿಲ್ಲ.”

‘ನಿಮ್ಮ ಒಳ್ಳೇದಕ್ಕೆ’ ಎಂಬ ಮಾತಿಗಾಗಿ ಕಾದೆ. ಬರಲಿಲ್ಲ.

ನಾನು ಕೂತಿದ್ದಾಗಲೇ ಅವರು ಕಮಿಷನರಿಗೆ ಪತ್ರ ಟೈಪ್ ಮಾಡಿದರು. ‘ಶನಿವಾರದ ಪಟ್ಟಿ ತಪ್ಪು, ತಪ್ಪು ನನ್ನದು, ಮೇಡಂ ಅವರಿಗೆ ಇದರ ಅರಿವಿರಲಿಲ್ಲ.’ ಮೂರು ಸಾಲು. ಸುತ್ತಲಿನ ಆರು ಊರುಗಳಲ್ಲಿ ಟೂಲ್ ಹಾಕುವ ಮೇಲ್ವಿಚಾರಣೆ ಅವರಿಗೆ ಬರುವುದಿತ್ತು. ಸಂಜೆಯ ಹೊತ್ತಿಗೆ ಅದು ಬೇರೆಯವರ ಪಾಲಾಯಿತು. ಅವರಿಗೆ ಉಳಿದಿದ್ದು ಒಂದು ಸಣ್ಣ ಊರು, ಎರಡು ಗಂಟೆಯ ದಾರಿ. ಶನಿವಾರ ಹೊರಡಬೇಕು.

ಕಮಿಷನರು ನನ್ನನ್ನೂ ಕರೆಸಿದರು. “ಗುರುವಾರ ಸಭೆ. ನಾಳೆ ಐದು ಗಂಟೆಯೊಳಗೆ ನಿಮ್ಮ ಹಾಳೆ ನೀವೇ ಸಲ್ಲಿಸಿ. ಈ ಸಲವಾದ್ರೂ ನೀವೇ.”

ಬುಧವಾರ ಮಧ್ಯಾಹ್ನ ಡಬ್ಬಿ ಹಿಡಿದು ಒಬ್ಬಳೇ ತಗ್ಗಿಗೆ ಹೋದೆ.

ಅಂಕ ಬದಲಾಯಿಸುವುದು ಸುಲಭ. ಹನ್ನೆರಡನೇ ಸಾಲಿಗೆ ಒಂಬತ್ತು ಹಾಕಿದರೆ ಹೊಂಡ ಉಳಿಯುತ್ತದೆ ಎಂದು ಗೊತ್ತಾಗಿಬಿಟ್ಟಿತ್ತು. ಆದರೆ ಬೇಕಾದ ಉತ್ತರ ಬರಲಿ ಎಂದು ನಾನೇ ಹುಸಿ ಅಂಕ ಹಾಕಿದರೆ, ಅದೂ ನನ್ನ ಹೆಸರಿನ ಕಳ್ಳಸಹಿಯೇ. ನನಗೆ ನಿಜವಾಗಿಯೂ ಕೂರಲು ಜಾಗ ಬೇಕಿತ್ತೇ? ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಪೈಪು ಅಲ್ಲೇ ಬಿದ್ದಿತ್ತು. ಕರವಸ್ತ್ರ ಹಾಸಿ ಕೂತೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಸೊಂಟ ಸಡಿಲವಾಯಿತು. ಕಾಲು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎನ್ನುವ ಹಾಗೆ ಜುಮ್ಮೆಂದಿತು. ಕೂತಾಗ ಹೊಂಡ ಬೇರೆ ಥರ ಕಾಣುತ್ತಿತ್ತು. ನಿಂತವರಿಗೆ ಅದು ತಗ್ಗು, ಕೂತವರಿಗೆ ಜಾಗ. ಕೆಸರಿನ ಅಂಚಿನಲ್ಲಿ ಉದ್ದ ಕಾಲಿನ ಒಂದು ಹಕ್ಕಿ ಆಫೀಸಿನ ಜವಾನನ ಹಾಗೆ ಯಾವ ಅವಸರವೂ ಇಲ್ಲದೆ ಓಡಾಡುತ್ತಿತ್ತು.

ಒಂದು ಗಂಟೆಗೆ ಡಿಪೋದ ಹಿಂಬಾಗಿಲು ತೆರೆಯಿತು. ಬಸ್ ತೊಳೆಯುವ ಹೆಂಗಸರು, ಮೆಕ್ಯಾನಿಕ್‌ಗಳು, ಡ್ರೈವರುಗಳು ಡಬ್ಬಿ ಹಿಡಿದು ಬಂದರು. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತು ಉಂಡರು. ಎಣಿಸಿದೆ, ನಲವತ್ತು ಜನ. ಮೂರು ತಿಂಗಳು ಅದೇ ಹೊತ್ತಿಗೆ ಅಲ್ಲೇ ಇದ್ದೆ. ಅವರು ನಿಂತಿದ್ದಾರೆ ಎಂಬುದು ನನಗೆ ಕಂಡಿರಲಿಲ್ಲ. ನಾನೂ ನಿಂತಿದ್ದೆನಲ್ಲ.

ಬಸ್ ತೊಳೆಯುವ ಒಬ್ಬಾಕೆ ದೂರದಿಂದಲೇ ಕೂಗಿದಳು. “ಏನ್ ಮೇಡಂ, ಇವತ್ತು ಕೂತ್ಬಿಟ್ರಿ? ಹುಷಾರಿಲ್ವಾ?”

“ಹುಷಾರಾಗೇ ಇದ್ದೀನಿ. ಬನ್ನಿ, ಪೈಪ್ ಉದ್ದ ಇದೆ.”

ಬಂದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಆಮೇಲೆ ಪೈಪಿನಲ್ಲಿ ಜಾಗ ಉಳಿಯಲಿಲ್ಲ.

ನಾಲ್ಕೂವರೆಗೆ ಹಾಳೆ ತುಂಬಿದೆ. ‘ಅಚ್ಚುಕಟ್ಟು’ ಸಾಲಿನ ಎಂಟನ್ನು ಪೂರ್ತಿ ತೆಗೆದೆ. ‘ಕೆಲಸ ಬೇಗ ಮುಗಿಯುವುದು’ ಎಂಬಲ್ಲಿಂದ ಮೂರು ತೆಗೆದೆ. ಹನ್ನೆರಡನೇ ಸಾಲಿಗೆ ಹನ್ನೊಂದು ಹಾಕಿದೆ. ಮೇಷ್ಟ್ರ ಒಂಬತ್ತೂ ಅಲ್ಲ, ನನ್ನ ಸೊನ್ನೆಯೂ ಅಲ್ಲ. ದುರಸ್ತಿಯ ಹದಿನಾರನ್ನು ಮುಟ್ಟಲಿಲ್ಲ. ಅದರಲ್ಲಿ ಅವರು ನನ್ನನ್ನು ತಪ್ಪಾಗಿ ಓದಿದ್ದರು. ಕಾರಣ ಬರೆದು, ಸಲ್ಲಿಸಿ, ಮನೆಗೆ ಹೋದೆ.

ಗುರುವಾರದ ಸಭೆಯಲ್ಲಿ ಮೇಷ್ಟ್ರು ಕೋಲು ಹಿಡಿದಿರಲಿಲ್ಲ. ಪರದೆಯ ಪಕ್ಕ ಕೈಕಟ್ಟಿ ನಿಂತಿದ್ದರು. ನಾಲ್ಕು ಹಾಳೆ ಸೇರಿತು. ಜೊಂಡಿನ ಹೊಂಡ ಮೇಲೆ ಬಂತು, ಒಂದೂವರೆ ಅಂಕದಲ್ಲಿ.

ರಸ್ತೆ ವಿಭಾಗದವರನ್ನು ನಾವು ‘ಡಾಂಬರು’ ಅನ್ನುತ್ತೇವೆ. ಡಾಂಬರು ತಕ್ಷಣ ಎದ್ದರು. “ಸಾರ್, ಚರಂಡಿ ಮೇಡಂ ಕೂರೋ ಜಾಗಕ್ಕೆ ಹನ್ನೊಂದು ಹಾಕಿದ್ದಾರೆ. ಚರಂಡಿಗೂ ಕೂರೋದಕ್ಕೂ ಏನ್ ಸಂಬಂಧ?”

“ಕಾರಣ ಓದಿ,” ಎಂದರು ಕಮಿಷನರು.

ಮೇಷ್ಟ್ರು ಪರದೆಗೆ ತಿರುಗಿದರು. ನನ್ನ ಕಾರಣವನ್ನು ಅವರು ಆಗಲೇ ಮೊದಲ ಸಲ ನೋಡಿದ್ದು.

“‘ಡಿಪೋದ ನಲವತ್ತು ಜನ ಕೆಲಸಗಾರರು ದಿನವೂ ಅಲ್ಲಿ ನಿಂತು ಉಣ್ಣುತ್ತಾರೆ.’” ಅಷ್ಟು ಓದಿ ನಿಲ್ಲಿಸಿದರು. ಸಾಲು ಅಲ್ಲಿಗೆ ಮುಗಿದಿರಲಿಲ್ಲ. ಇನ್ನೊಂದು ಶಬ್ದವಿತ್ತು. ‘ನಾನೂ.’ ಅದನ್ನು ಅವರು ಕಣ್ಣಲ್ಲಿ ಓದಿದರು, ಬಾಯಿಗೆ ತರಲಿಲ್ಲ. ಪುಟ ಸರಿಸಿ ನನ್ನ ಕಡೆ ನೋಡಿದರು. ಈ ಸಲ ಕನ್ನಡಕ ಇತ್ತು, ನೋಟ ನೇರ ನನ್ನ ಮೇಲೇ ಬಂದು ನಿಂತಿತು.

ಡಾಂಬರು ಕೂತರು. ಕಮಿಷನರು ಸಹಿ ಹಾಕಿದರು.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ತಾವಾಗಿಯೇ ತಗ್ಗಿಗೆ ಬಂದರು. ಕೊನೆಯ ಫೋಟೋ ತೆಗೆಯಬೇಕಂತೆ. ಡಬ್ಬಿಯೂ ತಂದಿದ್ದರು. ಪೈಪಿನ ಹತ್ತಿರ ಬಂದು, ಕೂತಿದ್ದ ನನ್ನನ್ನು ನೋಡಿ ನಿಂತರು.

“ಕೂತ್ಕೋಬಹುದಾ?”

“ಕೇಳೋದು ಕಲ್ತಿದ್ದೀರಿ.”

“ದುಬಾರಿ ಪಾಠ,” ಎಂದು ಕೂತರು. ನಡುವೆ ಒಂದು ಡಬ್ಬಿ ಇಡುವಷ್ಟು ಜಾಗ ಬಿಟ್ಟರು.

ಸ್ವಲ್ಪ ಹೊತ್ತು ಇಬ್ಬರೂ ಉಂಡೆವು. ಆಮೇಲೆ ನಾನು ಚೀಲದಿಂದ ಎರಡು ಹಾಳೆ ತೆಗೆದೆ. ಹಿಂದಿನ ದಿನ ಸಂಜೆ ನಾನೇ ಗೆರೆ ಎಳೆದಿದ್ದು. ಐದು ಸಾಲು. ಮಾತು. ಕೆಲಸಕ್ಕೆ ಗೌರವ. ಮನೆಯವರ ಒಪ್ಪಿಗೆ. ಕೇಳಿ ಮಾಡುವುದು. ದುರಸ್ತಿ. ಮೇಲೆ ಯೋಜನೆಯ ಹೆಸರಿತ್ತು: ‘ಇಬ್ಬರು ಒಂದೇ ಕಡೆ ಇರುವ ಬಗ್ಗೆ.’

ಅವರು ಅದನ್ನು ಎರಡು ಸಲ ಓದಿದರು. ಕಿವಿ ಕೆಂಪಾಯಿತು. ಐವತ್ತು ದಾಟಿದವರ ಕಿವಿಯೂ ಕೆಂಪಾಗುತ್ತದೆ ಎಂಬುದು ನನಗೆ ಹೊಸ ವಿಷಯ.

“ನೂರು ಅಂಕ,” ಎಂದೆ. “ಒಬ್ರದ್ದು ಒಬ್ರು ನೋಡೋ ಹಾಗಿಲ್ಲ. ನಿಮ್ಮ ಟೂಲಿನ ನಿಯಮವೇ.”

ಪೈಪಿನ ಎರಡು ತುದಿಗೆ ಸರಿದು, ಪರೀಕ್ಷೆಗೆ ಕೂತವರ ಹಾಗೆ ಕೈ ಮರೆ ಮಾಡಿ ಬರೆದೆವು. ಬಸ್ ತೊಳೆಯುವಾಕೆ ಗೋಡೆಯ ಹತ್ತಿರದಿಂದ ನೋಡುತ್ತಿದ್ದಳು. ನೋಡಲಿ ಎಂದುಕೊಂಡೆ. ಬರೆದಾದ ಮೇಲೆ ಮೊದಲಿನ ಜಾಗಕ್ಕೇ ಬಂದು ಹಾಳೆ ಬದಲಾಯಿಸಿಕೊಂಡೆವು.

ಅವರು ನೂರಕ್ಕೆ ನೂರನ್ನೂ ‘ಕೇಳಿ ಮಾಡುವುದು’ ಎಂಬ ಸಾಲಿಗೇ ಹಾಕಿದ್ದರು.

“ಇದನ್ನ ಟೂಲ್ ಒಪ್ಪಲ್ಲ, ಮೇಷ್ಟ್ರೇ. ಕೆಂಪು ಗೆರೆ ಬರುತ್ತೆ.”

“ಬರ್ಲಿ.” ಅವರು ನನ್ನ ಹಾಳೆಯನ್ನೇ ನೋಡುತ್ತಿದ್ದರು. ಹುಬ್ಬು ಮೇಲೇರಿತು. “ದುರಸ್ತಿಗೆ ನಲವತ್ತಾ? ಇಂಥದ್ರಲ್ಲೂ?”

“ಇಂಥದ್ರಲ್ಲೇ. ಕಟ್ಟೋದು ಯಾರು ಬೇಕಾದ್ರೂ ಕಟ್ತಾರೆ. ಆಮೇಲೆ ವರ್ಷಾ ವರ್ಷಾ ಇಳಿದು ಹೂಳು ತೆಗೆಯೋರು ಬೇಕು. ನಾನು ಇಷ್ಟು ವರ್ಷ ನೋಡಿದ್ದು ಅದನ್ನೇ.”

ಅವರು ಕನ್ನಡಕ ತೆಗೆಯಲು ಕೈಯೆತ್ತಿದರು. ಯಾಕೋ ತೆಗೆಯಲಿಲ್ಲ.

“ಎರಡು ಗಂಟೆ ದಾರಿ,” ಎಂದರು. “ಶನಿವಾರ ಶನಿವಾರ ಬರ್ಬಹುದಾ? ಹೂಳು ತೆಗೆಯೋಕೆ?”

ಉದ್ದ ಕಾಲಿನ ಹಕ್ಕಿ ಕೆಸರಿನಿಂದ ಒಂದು ಕಾಲೆತ್ತಿ, ಎಲ್ಲಿ ಇಡಲಿ ಎಂದು ಯೋಚಿಸುತ್ತಿತ್ತು.

“ಬನ್ನಿ,” ಎಂದೆ. “ಅರ್ಧ ನಾನು ತೆಗೀತೀನಿ.”

ನಡುವೆ ಇದ್ದ ಡಬ್ಬಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ. ಅವರು ಆ ಜಾಗವನ್ನು ನೋಡಿದರು, ನನ್ನನ್ನು ನೋಡಿದರು. ಕೇಳಲು ಬಾಯಿ ತೆರೆದರು.

“ಪ್ರತಿಯೊಂದಕ್ಕೂ ಕೇಳ್ಬೇಕಾಗಿಲ್ಲ,” ಎಂದೆ.